ಅಮ್ಮನ ಕೀಮೋ ಕ್ಯಾಪ್ಸೂಲ್ ಮನೆಯಲ್ಲೇ ಕೊಡಬೇಕಂತೆ: ಯಾರು ಮುಟ್ಟಬಹುದು, ಯಾರು ಮುಟ್ಟಬಾರದು?

ಶ್ರೀನಗರದ ಮಗಳು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಅಮ್ಮನಿಗೆ 58 ವರ್ಷ. ಮಿದುಳಿನಲ್ಲಿ ಗಡ್ಡೆ. ಆಪರೇಷನ್ ಆಯಿತು, ಆರು ವಾರ ರೇಡಿಯೇಷನ್ ಆಯಿತು, ಒಂದು ತಿಂಗಳು ಬಿಡುವು ಕೊಟ್ಟರು. ಈಗ ಟೆಮೊಜೊಲೊಮೈಡ್ ಅನ್ನುವ ಕ್ಯಾಪ್ಸೂಲ್ ಮನೆಯಲ್ಲೇ ಶುರು ಮಾಡಬೇಕು. 28 ದಿನಕ್ಕೊಂದು ಸುತ್ತು, ಅದರಲ್ಲಿ ಮೊದಲ ಐದು ದಿನ ಮಾತ್ರ ಕ್ಯಾಪ್ಸೂಲ್. ರೇಡಿಯೇಷನ್ ಸಮಯದಲ್ಲೂ ಇದೇ ಔಷಧಿ ಇತ್ತು. ಆದರೆ ಆಗ ದಿನಾ ಆಸ್ಪತ್ರೆಗೆ ಹೋಗುತ್ತಿದ್ದೆವು, ಏನೇ ಅನುಮಾನ ಬಂದರೂ ಅಲ್ಲೇ ಯಾರನ್ನಾದರೂ ಕೇಳಬಹುದಿತ್ತು. ಈಗ ಎಲ್ಲ ನಮ್ಮ ತಲೆ ಮೇಲೆ.

ಔಷಧಿ ಕೌಂಟರಿನಲ್ಲಿ ನಮ್ಮ ಹಿಂದೆ ಉದ್ದ ಸಾಲಿತ್ತು. ಅವರು ಒಂದೇ ಉಸಿರಿಗೆ ಹೇಳಿದ್ದು ಇಷ್ಟು: ‘ಖಾಲಿ ಹೊಟ್ಟೆ, ಮಲಗುವ ಮುಂಚೆ, ವಾಂತಿ ಮಾತ್ರೆ ಮೊದಲು, ಕೈಯಲ್ಲಿ ಮುಟ್ಟಬೇಡಿ, ಗರ್ಭಿಣಿಯರು ಮುಟ್ಟಲೇಬಾರದು, ನೆಕ್ಸ್ಟ್!’ ಕೈಗೆ ಬಂದದ್ದು ಎರಡು ಥರದ ಡಬ್ಬಿ. ಒಂದು 100 ಮಿಲಿಗ್ರಾಂ, ಇನ್ನೊಂದು 20. ದಿನಕ್ಕೆ 100ರದ್ದು ಎರಡು, 20ರದ್ದು ಒಂದು.

ಇನ್ನು ನಮ್ಮ ಮನೆ ಕಥೆ. ಹಳೇ ಮನೆ, ಎರಡು ರೂಮು, ಒಂದೇ ಬಚ್ಚಲು. ಇಂಡಿಯನ್ ಟಾಯ್ಲೆಟ್ ಮೇಲೆ ಅಮ್ಮನಿಗಾಗಿ ಕಮೋಡ್ ಕುರ್ಚಿ ಇಟ್ಟಿದ್ದೇವೆ. ಅತ್ತಿಗೆಗೆ ಐದು ತಿಂಗಳು. ಅವರ ದೊಡ್ಡ ಮಗನಿಗೆ ನಾಲ್ಕು ವರ್ಷ, ಅಜ್ಜಿಯ ಮಡಿಲು ಬಿಟ್ಟು ಇಳಿಯುವವನಲ್ಲ. ಪಾತ್ರೆ, ಬಟ್ಟೆ, ಬಚ್ಚಲಿಗೆ ಕೆಲಸದ ಅಕ್ಕ ಬರುತ್ತಾರೆ. ಅಪ್ಪನಿಗೆ ಶಿಸ್ತು ಜಾಸ್ತಿ. ವಾರದ ಏಳು ಮನೆ ಇರುವ ಮಾತ್ರೆ ಡಬ್ಬಿಯಲ್ಲಿ ಅಮ್ಮನ ಫಿಟ್ಸ್ ಮಾತ್ರೆ, ಬಿಪಿ ಮಾತ್ರೆ ಎಲ್ಲ ಜೋಡಿಸಿಡುತ್ತಾರೆ. ಇದನ್ನೂ ಅಲ್ಲೇ ಹಾಕುತ್ತೇನೆ ಅನ್ನುತ್ತಿದ್ದಾರೆ.

ಪಕ್ಕದ ಮನೆ ಆಂಟಿ ಬಂದು, ‘ನುಂಗಲು ಕಷ್ಟ ಆದರೆ ಕ್ಯಾಪ್ಸೂಲ್ ಬಿಚ್ಚಿ ಜೇನುತುಪ್ಪದಲ್ಲಿ ಕಲಸಿ ಕೊಡಿ’ ಅಂದರು. ಹೋಗುವಾಗ ಬಾಗಿಲ ಹತ್ತಿರ ನಿಂತು, ‘ತಟ್ಟೆ ಲೋಟ ಬೇರೆ ಮಾಡಿಬಿಡಿ, ಮಗುವನ್ನು ಹತ್ತಿರ ಬಿಡಬೇಡಿ’ ಅಂತ ಇನ್ನೊಂದು ಬಾಣ ಬಿಟ್ಟರು. ಅಮ್ಮನಿಗೆ ಕೇಳಿಸಿತು. ಅವತ್ತಿನಿಂದ ತನ್ನ ತಟ್ಟೆ ತಾನೇ ಎತ್ತಿ ಮೂಲೆಯಲ್ಲಿಡುತ್ತಿದ್ದಾರೆ. ನೋಡೋಕಾಗಲ್ಲ.

ಸೋಮವಾರದಿಂದ ಶುರು. ಮನೆಯಲ್ಲಿ ಇದನ್ನು ಮಾಡಿ ಗೊತ್ತಿರುವವರು ಯಾರಾದರೂ ಹೇಳಿ, ನಿಜವಾಗಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ದಾಸರಹಳ್ಳಿ ಗೃಹಿಣಿ

ನಮ್ಮ ಯಜಮಾನರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಕ್ಯಾಪೆಸಿಟಾಬಿನ್ ಮಾತ್ರೆ ಮನೆಯಲ್ಲೇ ಕೊಡುತ್ತಿದ್ದೇನೆ. ಧೈರ್ಯವಾಗಿರಿ, ಆಗುತ್ತದೆ.

ಒಂದು ಮಾತು. ಖಾಲಿ ಹೊಟ್ಟೆ ಅಂದರು ಅಂತ ಬರೆದಿದ್ದೀರಿ, ಇನ್ನೊಮ್ಮೆ ಕೇಳಿಕೊಳ್ಳಿ. ನಮಗೆ ಊಟ ಆಗಿ ಅರ್ಧ ಗಂಟೆಯೊಳಗೆ ಕೊಡಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಬೆಳಿಗ್ಗೆ ತಿಂಡಿ ಆದ ಮೇಲೆ, ರಾತ್ರಿ ಊಟ ಆದ ಮೇಲೆ. 14 ದಿನ ಕೊಡುವುದು, ಏಳು ದಿನ ಬಿಡುವುದು. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತದೆ. ಅದಕ್ಕೆ ದಿನಾ ಕ್ರೀಮ್ ಹಚ್ಚುತ್ತೇವೆ, ಬಿಸಿ ನೀರಲ್ಲಿ ಕಾಲು ಇಡುವುದನ್ನು ಬಿಡಿಸಿದ್ದೇನೆ, ಮನೆಯೊಳಗೂ ಮೆತ್ತನೆ ಚಪ್ಪಲಿ. ಬೇಧಿ ಜಾಸ್ತಿಯಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ ಅಂದಿದ್ದಾರೆ.

ಗ್ಲೌಸ್ ಮೊದಮೊದಲು ಹಾಕಿಕೊಳ್ಳುತ್ತಿದ್ದೆ. ಈಗ ಅವರೇ ಸ್ಟ್ರಿಪ್‌ನಿಂದ ಒತ್ತಿ ತೆಗೆದು ನುಂಗುತ್ತಾರೆ, ನಾನು ಮುಟ್ಟುವುದೇ ಇಲ್ಲ. ಅದೇ ಸುಲಭ.

ತಟ್ಟೆ ವಿಷಯಕ್ಕೆ ನಮ್ಮ ಮನೆಯಲ್ಲೂ ಗಲಾಟೆ ಆಗಿತ್ತು. ನಮ್ಮತ್ತೆಗೆ ಮೊದಲೇ ಮಡಿ. ಅದಕ್ಕೆ ಇದೊಂದು ಸೇರಿಕೊಂಡಿತು. ಏನು ಹೇಳುವುದು ಬಿಡಿ.

ನಿವೃತ್ತ ಸಿಸ್ಟರ್

ಇಲ್ಲಿ ಯಾವಾಗಲೂ ಓದಿಕೊಂಡು ಸುಮ್ನೆ ಇರುತ್ತೇನೆ. ಇವತ್ತು ಸುಮ್ಮನಿರಲಾಗಲಿಲ್ಲ. ಬೆಂಗಳೂರಿನ ಕೀಮೋ ಡೇ ಕೇರ್ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಯಾವ ಆಸ್ಪತ್ರೆ ಅನ್ನುವುದು ಬೇಡ. ನಿಮ್ಮ ಡಾಕ್ಟರ್ ಬರೆದುಕೊಟ್ಟದ್ದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಡಾಕ್ಟರ್ ಹೇಳಿದ್ದನ್ನೇ ಮಾಡಿ.

ಮೊದಲು ಊಟದ ವಿಷಯ ಮುಗಿಸೋಣ. ದಾಸರಹಳ್ಳಿಯವರು ಹೇಳಿದ್ದು ಸರಿ, ಕೌಂಟರಿನವರು ಹೇಳಿದ್ದೂ ಸರಿ. ಎರಡು ಬೇರೆ ಬೇರೆ ಔಷಧಿ. ಕ್ಯಾಪೆಸಿಟಾಬಿನ್ ಊಟದ ನಂತರ. ಟೆಮೊಜೊಲೊಮೈಡ್ ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಕಡಿಮೆ. ಊಟದ ಜೊತೆ ಕೊಟ್ಟರೆ, ಅದರಲ್ಲೂ ಎಣ್ಣೆ ತುಪ್ಪದ ಊಟವಾದರೆ, ಔಷಧಿ ಮೈಗೆ ಹತ್ತುವುದು ಸ್ವಲ್ಪ ತಗ್ಗುತ್ತದೆ. ಹಾಗಾಗಿ ಅಮ್ಮ ಏಳೂವರೆಗೆ ಊಟ ಮುಗಿಸಲಿ. ಒಂಬತ್ತೂವರೆಗೆ ವಾಂತಿ ಮಾತ್ರೆ, ಹತ್ತೂವರೆಗೆ ಕ್ಯಾಪ್ಸೂಲ್, ಆಮೇಲೆ ಮಲಗುವುದು. ಅಮ್ಮ ರಾತ್ರಿ ಊಟ ಟಿವಿ ಧಾರಾವಾಹಿ ಮುಗಿದ ಮೇಲೆಯೇ ಮಾಡುವವರಾದರೆ ಆ ಐದು ದಿನ ಊಟ ಮೊದಲು, ಧಾರಾವಾಹಿ ಆಮೇಲೆ. ಐದೂ ದಿನ ಒಂದೇ ಹೊತ್ತು ಇರಲಿ.

ಕ್ಯಾಪ್ಸೂಲ್ ಬಿಚ್ಚುವ ಮಾತು ಬೇಡವೇ ಬೇಡ. ಜೇನುತುಪ್ಪದಲ್ಲೂ ಬೇಡ, ಮೊಸರನ್ನದಲ್ಲೂ ಬೇಡ, ಅಗಿಯಲೂಬಾರದು. ಒಳಗಿರುವ ಪುಡಿ ಮೂಗಿಗೆ ಹೋಗುವುದು, ಚರ್ಮಕ್ಕೆ ತಾಗುವುದು, ಅದೇ ನಿಜವಾದ ಅಪಾಯ. ಮುಚ್ಚಿದ ಕ್ಯಾಪ್ಸೂಲಿನಿಂದ ಅಷ್ಟು ತೊಂದರೆ ಇಲ್ಲ. ನುಂಗಲು ಒಂದು ಉಪಾಯ ಹೇಳುತ್ತೇನೆ. ನಮ್ಮಲ್ಲಿ ಎಲ್ಲರೂ ಮಾತ್ರೆ ಬಾಯಿಗೆ ಹಾಕಿ ತಲೆ ಮೇಲೆತ್ತುತ್ತಾರೆ ಅಲ್ವಾ? ಕ್ಯಾಪ್ಸೂಲ್ ಹಗುರ, ನೀರಿನಲ್ಲಿ ತೇಲುತ್ತದೆ. ತಲೆ ಎತ್ತಿದರೆ ಅದು ಹಲ್ಲಿನ ಕಡೆಗೇ ತೇಲಿ ಬರುತ್ತದೆ. ನೀರು ಬಾಯಲ್ಲಿಟ್ಟುಕೊಂಡು ಗದ್ದವನ್ನು ಸ್ವಲ್ಪ ಎದೆ ಕಡೆ ಬಗ್ಗಿಸಿ ನುಂಗಿದರೆ ಸಲೀಸಾಗಿ ಇಳಿಯುತ್ತದೆ. ಒಂದೊಂದಾಗಿ, ಒಂದು ಲೋಟ ನೀರಿನ ಜೊತೆ, ನೆಟ್ಟಗೆ ಕುಳಿತು. ಆದರೆ ಬರೀ ನೀರು ಕುಡಿದರೂ ಅಮ್ಮನಿಗೆ ಕೆಮ್ಮು ಬರುತ್ತಿದ್ದರೆ ಈ ಉಪಾಯವೆಲ್ಲ ಬಿಡಿ. ಅದು ಗಡ್ಡೆಯಿಂದಲೇ ನುಂಗುವ ಶಕ್ತಿ ಕುಂದಿರುವ ಲಕ್ಷಣ ಇರಬಹುದು. ಸೋಮವಾರಕ್ಕೆ ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ನುಂಗಿದ ಮೇಲೆ ವಾಂತಿಯಾದರೆ? ಅವತ್ತಿಗೆ ಇನ್ನೊಂದು ಕೊಡಬೇಡಿ, ವಾಂತಿಯಲ್ಲಿ ಕ್ಯಾಪ್ಸೂಲ್ ಕಂಡರೂ ಕೊಡಬೇಡಿ. ಫೋನ್ ಮಾಡಿ ತಿಳಿಸಿ, ಮಾರನೇ ದಿನದ್ದು ಮಾರನೇ ದಿನ. ಮರೆತುಹೋದದ್ದಕ್ಕೂ ಅಷ್ಟೇ, ಎರಡು ದಿನದ್ದನ್ನು ಒಂದೇ ದಿನ ಸೇರಿಸಿ ಕೊಡುವುದು ಯಾವತ್ತೂ ಇಲ್ಲ.

ಈಗ ಅಪ್ಪನ ಡಬ್ಬಿ. ಅಪ್ಪನ ಶಿಸ್ತು ನನಗೆ ಇಷ್ಟವಾಯಿತು. ಆದರೆ ಕೀಮೋ ಕ್ಯಾಪ್ಸೂಲ್ ಆ ಡಬ್ಬಿಗೆ ಹೋಗಬಾರದು. ಎರಡು ಕಾರಣ. ಪುಡಿ ಸೋರಿದ್ದರೆ ಬಿಪಿ ಮಾತ್ರೆಗೂ ಮೆತ್ತುತ್ತದೆ. ಇನ್ನೊಂದು ಇದಕ್ಕಿಂತ ದೊಡ್ಡದು. ಆ ಡಬ್ಬಿ ಇರುವುದೇ ‘ದಿನಾ ತಗೊಳ್ಳುವ’ ಮಾತ್ರೆಗೆ. ಅದರಲ್ಲಿ ಇಟ್ಟ ಮಾತ್ರೆಯನ್ನು ಮನೆಯವರು ದಿನಾ ಕೊಡುತ್ತಲೇ ಹೋಗುತ್ತಾರೆ. ಐದು ದಿನಕ್ಕೆ ನಿಲ್ಲಬೇಕಾದ ಔಷಧಿ ಆರನೇ ದಿನ, ಏಳನೇ ದಿನಕ್ಕೆ ಹೋದರೆ ಆಮೇಲೆ ರಕ್ತದ ಲೆಕ್ಕ ಎಲ್ಲಿಗೆ ಇಳಿಯುತ್ತದೋ ಹೇಳಲಾಗದು. ಬಂದ ಡಬ್ಬಿಯಲ್ಲೇ ಬಿಡಿ. ಬೀರುವಿನಲ್ಲಿ ಬೀಗ ಹಾಕಿಡಿ. ನಾಲ್ಕು ವರ್ಷದ ಮಗುವಿದೆ, ಬಣ್ಣದ ಕ್ಯಾಪ್ಸೂಲ್ ಮಿಠಾಯಿ ಥರ ಕಾಣುತ್ತದೆ. ಒಲೆ ಹತ್ತಿರದ ಶೆಲ್ಫ್ ಬೇಡ, ಬಚ್ಚಲು ಬೇಡ. ಡಬ್ಬಿ ಮೇಲೆ ಬರೆದಿರದಿದ್ದರೆ ಫ್ರಿಜ್ ಕೂಡ ಬೇಡ. ದೇವರ ಗೂಡಿನಲ್ಲಿ ಇಡುವವರೂ ಇದ್ದಾರೆ, ದೀಪದ ಕಾವಿಗೆ ಅದೂ ಬೇಡ.

ಅಪ್ಪನ ಶಿಸ್ತನ್ನು ಗೋಡೆ ಕ್ಯಾಲೆಂಡರಿಗೆ ತಿರುಗಿಸಿ. ಹಾಲಿನ ಲೆಕ್ಕ ಬರೆಯುವ ಆ ಚೌಕಗಳಲ್ಲೇ ಕೀಮೋ ದಿನಗಳಿಗೆ ಕೆಂಪು ಸುತ್ತು ಹಾಕಲಿ. ಕೊಟ್ಟ ತಕ್ಷಣ ಮಿಲಿಗ್ರಾಂ ಬರೆಯಲಿ. ‘3 ಕ್ಯಾಪ್ಸೂಲ್’ ಅಂತಲ್ಲ, ‘220’ ಅಂತ. ಯಾಕೆ ಅಂದರೆ, ಮೊದಲ ಸುತ್ತು ಅಮ್ಮನಿಗೆ ಒಗ್ಗಿದರೆ ಎರಡನೇ ಸುತ್ತಿನಲ್ಲಿ ಡೋಸ್ ಏರಿಸುವುದು ರೂಢಿ. ಈಗ 100, 100, 20 ಸೇರಿ 220. ಮುಂದೆ 300 ಅಂದರೆ 100ರದ್ದು ಮೂರು. ಆಗಲೂ ಮೂರೇ ಕ್ಯಾಪ್ಸೂಲ್, ಈಗಲೂ ಮೂರೇ. ಎಣಿಸಿ ಕೊಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೇರೆ ಶಕ್ತಿಯ ಕ್ಯಾಪ್ಸೂಲ್ ಬೆರೆತುಹೋಗಿ ತೊಂದರೆಯಾಗುವುದು ಈ ಔಷಧಿಯಲ್ಲಿ ಎಲ್ಲರೂ ಹೆದರುವ ವಿಷಯ. ಕೊಡುವವರು ಮನೆಯಲ್ಲಿ ಒಬ್ಬರೇ ಇರಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಡಬ್ಬಿ ಮೇಲಿನ ಸಂಖ್ಯೆ ಗಟ್ಟಿಯಾಗಿ ಓದಲಿ.

ಮುಟ್ಟುವುದು. ಡಬ್ಬಿಯಿಂದ ಸಣ್ಣ ಪೇಪರ್ ಕಪ್ಪಿಗೆ ಬಗ್ಗಿಸಿ, ಕಪ್ಪನ್ನು ಅಮ್ಮನ ಕೈಗೆ ಕೊಡಿ. ನೀವು ಗ್ಲೌಸ್ ಹಾಕಿಕೊಂಡಿರಿ, ಸಾಮಾನ್ಯ ನೈಟ್ರೈಲ್ ಗ್ಲೌಸ್ ಸಾಕು. ಆಮೇಲೆ ನೀವೂ ಅಮ್ಮನೂ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಇದಕ್ಕೆ ಕೆಲಸ ಮಾಡುವುದಿಲ್ಲ. ಅದು ಕ್ರಿಮಿ ಕೊಲ್ಲಲು, ಔಷಧಿ ತೊಳೆಯಲು ಅಲ್ಲ.

ಕ್ಯಾಪ್ಸೂಲ್ ಒಡೆದು ಪುಡಿ ಚೆಲ್ಲಿದರೆ ಮೊದಲ ಕೆಲಸ ಫ್ಯಾನ್ ಆರಿಸುವುದು. ಪೊರಕೆ ಮುಟ್ಟಬೇಡಿ, ಪುಡಿ ಹಾರುತ್ತದೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಒದ್ದೆ ಟಿಶ್ಯೂನಿಂದ ಒರೆಸಿ, ಆಮೇಲೆ ಸೋಪು ನೀರಿನಲ್ಲಿ ಎರಡು ಮೂರು ಸಲ ಒರೆಸಿ. ಒರೆಸಿದ್ದೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ.

ಅತ್ತಿಗೆ ವಿಷಯ. ಅವರು ಕ್ಯಾಪ್ಸೂಲ್ ಮುಟ್ಟಬಾರದು. ಕ್ಯಾಪ್ಸೂಲ್ ದಿನಗಳಲ್ಲಿ, ಕೊನೇ ದಿನದ ನಂತರ ಇನ್ನೂ ಎರಡು ದಿನ, ಅಮ್ಮನ ವಾಂತಿ, ಮೂತ್ರ, ಮಲ, ಅದು ತಾಗಿದ ಬಟ್ಟೆ ಇವುಗಳನ್ನು ಅವರು ಮುಟ್ಟಬಾರದು. ಕೆಲವು ಆಸ್ಪತ್ರೆಗಳಲ್ಲಿ ಮೂರು ದಿನ ಅನ್ನುತ್ತಾರೆ, ನಿಮ್ಮವರು ಹೇಳಿದಷ್ಟು ಇಟ್ಟುಕೊಳ್ಳಿ. ಅಷ್ಟೇ. ಒಂದೇ ಸೋಫಾದಲ್ಲಿ ಕೂರಬಹುದು, ಅಮ್ಮನಿಗೆ ತಲೆ ಬಾಚಬಹುದು, ಅಮ್ಮ ಅವರ ಸೀಮಂತಕ್ಕೆ ಮಡಿಲು ತುಂಬಬಹುದು. ಮಗು ಮಡಿಲಲ್ಲಿ ಕೂರಲಿ. ತಟ್ಟೆ ಲೋಟ ಎಲ್ಲರ ಪಾತ್ರೆ ಜೊತೆ ತೊಳೆದರೆ ಆಯಿತು. ಕೀಮೋ ಅಂಟುರೋಗ ಅಲ್ಲ, ಮೈಲಿಗೆಯೂ ಅಲ್ಲ. ಪಕ್ಕದ ಮನೆಯವರಿಗೆ ನಾನು ಹೇಳಿದೆ ಅಂತ ಹೇಳಿ, ನನಗೇನೂ ಬೇಜಾರಿಲ್ಲ.

ಇದಕ್ಕಿಂತ ಎಲ್ಲರೂ ಮರೆಯುವುದು ಕೆಲಸದ ಅಕ್ಕನನ್ನು. ಬಚ್ಚಲು ತೊಳೆಯುವವರು ಅವರು, ಬಟ್ಟೆ ಒಗೆಯುವವರು ಅವರು. ಅವರಿಗೆ ಯಾರೂ ಹೇಳುವುದಿಲ್ಲ. ಅವರೂ ಬಸಿರಿ ಇರಬಹುದು, ಹಾಲು ಕುಡಿಸುವ ಮಗು ಇರಬಹುದು. ಕರೆದು ಕೂರಿಸಿ ಹೇಳಿ. ಆ ವಾರ ಬಚ್ಚಲು, ಅಮ್ಮನ ಕೊಳೆಯಾದ ಬಟ್ಟೆ ನೀವೇ ನೋಡಿಕೊಳ್ಳಿ. ಸಂಬಳ ಹಿಡಿಯಬೇಡಿ ಮತ್ತೆ.

ಇಂಡಿಯನ್ ಟಾಯ್ಲೆಟ್ ಬಗ್ಗೆ ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ‘ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ’ ಅಂತಿರುತ್ತದೆ. ನಮ್ಮಲ್ಲಿ ಮುಚ್ಚಳ ಎಲ್ಲಿದೆ? ಮುಖ್ಯವಾಗಿ ಸಿಡಿಯಬಾರದು. ದೂರದಿಂದ ಬಕೆಟ್ ರಪ್ಪನೆ ಸುರಿಯುವ ಬದಲು, ಚೊಂಬನ್ನು ಗುಂಡಿಯ ಹತ್ತಿರ ತಂದು ನಿಧಾನವಾಗಿ, ಜಾಸ್ತಿ ನೀರು ಬಿಡಿ. ಸ್ವಲ್ಪ ತಡೆದು ಮತ್ತೊಮ್ಮೆ ಬಿಡಿ. ಕಮೋಡ್ ಕುರ್ಚಿ ಎತ್ತರ ಇರುವುದರಿಂದ ಮೂತ್ರ ಸಿಡಿಯುವುದು ಜಾಸ್ತಿ. ಅದಕ್ಕೆ ಕೆಳಗೆ ಹಾಕುವ ಪ್ಲಾಸ್ಟಿಕ್ ಬಕೆಟ್ ಬಂದಿದ್ದರೆ ಅದರ ತಳ ತೆಗೆದ ಗೊಳವೆ ಥರದ್ದು ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದಾ ಕೇಳಿ ನೋಡಿ. ಸೀಟು, ಕಾಲುಗಳು, ಸುತ್ತಲಿನ ನೆಲ ಗ್ಲೌಸ್ ಹಾಕಿಕೊಂಡು ಸೋಪು ನೀರಿನಲ್ಲಿ ಒರೆಸಿ. ಬಟ್ಟೆ ಕೊಳೆಯಾದರೆ ಬೇರೆಯಾಗಿ, ಎರಡು ಸಲ ಒಗೆಯಿರಿ. ಬರೀ ಬೆವರಿದ ಸೀರೆ ನೈಟಿಗೆ ಈ ಸಂಭ್ರಮ ಬೇಡ.

ಕೊನೆಗೆ, ನೀವು ಕೇಳಿದ್ದಕ್ಕೆ ನೇರ ಉತ್ತರ. ಹೆದರಬೇಕಾದ್ದು ಜ್ವರಕ್ಕೆ. ಜನ ತಟ್ಟೆಗೆ ಹೆದರುತ್ತಾರೆ, ಜ್ವರಕ್ಕೆ ಡೋಲೊ ಕೊಟ್ಟು ಮಲಗಿಸುತ್ತಾರೆ. ತಲೆಕೆಳಗು. ಈ ಔಷಧಿಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ತೀರಾ ತಗ್ಗುವುದು ಕ್ಯಾಪ್ಸೂಲ್ ನುಂಗುವ ವಾರದಲ್ಲಿ ಅಲ್ಲ. ನಾಲ್ಕನೇ ವಾರದ ಹೊತ್ತಿಗೆ. ಆಗ ಅಮ್ಮ ಎದ್ದು ಓಡಾಡಿಕೊಂಡು, ಸಾರಿಗೆ ಒಗ್ಗರಣೆ ಹಾಕಿಕೊಂಡು ಇರುತ್ತಾರೆ, ಕ್ಯಾಪ್ಸೂಲ್ ವಿಷಯವೇ ಮನೆ ಮರೆತಿರುತ್ತದೆ. ಅದಕ್ಕೇ 22ನೇ ದಿನ ರಕ್ತ ಪರೀಕ್ಷೆ ಬರೆದಿರುತ್ತಾರೆ. ಅದನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಮಾಡಿ. ಥರ್ಮಾಮೀಟರ್ ಇವತ್ತೇ ತನ್ನಿ. 100.4 ಫ್ಯಾರನ್‌ಹೀಟ್ ದಾಟಿದರೆ ರಾತ್ರಿ ಎರಡಾಗಿರಲಿ, ಹಬ್ಬವಾಗಿರಲಿ, ಎಮರ್ಜೆನ್ಸಿಗೆ ಹೋಗಬೇಕು. ಬೆಳಗಾಗಲಿ ಅನ್ನಬೇಡಿ. ಮುಂಚೆ ಜ್ವರದ ಮಾತ್ರೆ ಕೊಟ್ಟು ಉಷ್ಣತೆ ಇಳಿಸಿಬಿಡಬೇಡಿ. ಅಮ್ಮ ಡೆಕ್ಸಾಮೆಥಾಸೋನ್ (ಮಿದುಳಿನ ಊತಕ್ಕೆ ಕೊಡುವ ಸ್ಟೀರಾಯ್ಡ್) ತಗೊಳ್ಳುತ್ತಿದ್ದರೆ ಅದು ಜ್ವರವನ್ನು ಮುಚ್ಚಿಬಿಡುತ್ತದೆ. ನಡುಕ ಬಂದರೂ, ತೀರಾ ಸುಸ್ತಾಗಿ ಮಂಕಾದರೂ ಜ್ವರ ಬಂದಷ್ಟೇ ಗಂಭೀರ ಅಂದುಕೊಳ್ಳಿ. ಒಸಡಿನಲ್ಲಿ ರಕ್ತ, ಮೈಮೇಲೆ ಸಣ್ಣ ಕೆಂಪು ಚುಕ್ಕೆ, ಅವೂ ಹಾಗೆಯೇ. ಎಮರ್ಜೆನ್ಸಿಯಲ್ಲಿ ಬಾಯಿಂದ ಬರಬೇಕಾದ ಮೊದಲ ಮಾತು ‘ಜ್ವರ’ ಅಲ್ಲ, ‘ಕೀಮೋ ನಡೀತಿದೆ, ಜ್ವರ ಬಂದಿದೆ’.

ಯಾವ ಆಸ್ಪತ್ರೆಗೆ ಹೋಗುವುದು, ಆಟೋನಾ, ಟ್ಯಾಕ್ಸಿನಾ, 108ಕ್ಕೆ ಫೋನ್ ಮಾಡುವುದಾ, ಇದನ್ನೆಲ್ಲ ಇವತ್ತೇ ಮಾತಾಡಿಕೊಳ್ಳಿ. ಸಂಜೆ ಏಳಕ್ಕೆ ಜ್ವರ ಬಂದರೆ ಆ ಟ್ರಾಫಿಕ್ಕಿನಲ್ಲಿ ದೂರದ ಆಸ್ಪತ್ರೆ ತಲುಪುವಷ್ಟರಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಹತ್ತಿರದ, ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ ಇಟ್ಟುಕೊಳ್ಳಿ.

ಮಲ್ಲೇಶ್ವರ ಮಾವ

ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ಪ್ಲೇಟ್‌ಲೆಟ್ ತಗ್ಗಿದರೆ ಪಪ್ಪಾಯಿ ಎಲೆ ರಸ ಕೊಡಿ. ನಮ್ಮ ಮನೆಯಲ್ಲಿ ಡೆಂಗಿ ಬಂದಾಗ ಕೊಟ್ಟಿದ್ದೆವು. ಜೊತೆಗೆ ಅಮೃತಬಳ್ಳಿ ಕಷಾಯ ದಿನಾ ಒಂದು ಲೋಟ. ಲಕ್ಷ್ಮಣಫಲ ಕೂಡ ಕ್ಯಾನ್ಸರಿಗೆ ಒಳ್ಳೆಯದು ಅಂತಾರೆ. ನೈಸರ್ಗಿಕ, ಏನೂ ತೊಂದರೆ ಇಲ್ಲ.

ನಿವೃತ್ತ ಸಿಸ್ಟರ್

ಸಾರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಬೇಡ.

ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಅದರ ಹೆಸರು ಎಲೆಗೆ ಹೋಗುತ್ತದೆ. ಕೀಮೋದಲ್ಲಿ ಮೂಳೆಯೊಳಗೆ ರಕ್ತ ತಯಾರಾಗುವ ಕಾರ್ಖಾನೆಯೇ ನಿಧಾನವಾಗಿರುತ್ತದೆ. ಎಲೆ ರಸ ಅದನ್ನು ಓಡಿಸುವುದಿಲ್ಲ. ಬಿಳಿ ಕಣ ಕಡಿಮೆ ಇರುವಾಗ ಹಸಿ ಎಲೆ ಅರೆದು ಸೋಸಿದ ರಸದಲ್ಲಿ ಇರುವ ಕ್ರಿಮಿಯೇ ಸಾಕು. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ನಮ್ಮ ದೇಶದ ಡಾಕ್ಟರುಗಳೇ ಬರೆದಿದ್ದಾರೆ, ಕೋವಿಡ್ ಕಾಲದಲ್ಲಿ ಎಲ್ಲರೂ ಕುಡಿದಿದ್ದರು ನೋಡಿ. ಟೆಮೊಜೊಲೊಮೈಡ್ ಕೂಡ ಲಿವರ್‌ಗೆ ತೊಂದರೆ ಕೊಡಬಲ್ಲ ಔಷಧಿ. ಎರಡೂ ಸೇರಿದರೆ ಯಾವುದರಿಂದ ಏನಾಯಿತು ಅಂತ ಡಾಕ್ಟರಿಗೂ ಗೊತ್ತಾಗದೆ, ಸುಮ್ನೆ ಕೀಮೋ ನಿಲ್ಲುತ್ತದೆ. ಏನಾದರೂ ಕುಡಿಸಲೇಬೇಕು ಅಂತಿದ್ದರೆ ಡಾಕ್ಟರಿಗೆ ಹೇಳಿ ಕುಡಿಸಿ, ಬಚ್ಚಿಡಬೇಡಿ.

ನೈಸರ್ಗಿಕ ಅಂದಿರಲ್ಲ, ನಮ್ಮ ದೇವನಹಳ್ಳಿ ಚಕ್ಕೋತವೂ ನೈಸರ್ಗಿಕವೇ. ಇಮ್ಯಾಟಿನಿಬ್ ಥರದ ಕೆಲವು ಕ್ಯಾನ್ಸರ್ ಮಾತ್ರೆಗಳನ್ನು ತಗೊಳ್ಳುವವರು ಚಕ್ಕೋತದ ಜಾತಿಯ ಹಣ್ಣು ತಿಂದರೆ ರಕ್ತದಲ್ಲಿ ಮಾತ್ರೆಯ ಮಟ್ಟ ಏರಬಹುದು. ಟೆಮೊಜೊಲೊಮೈಡ್‌ಗೆ ಆ ತಾಪತ್ರಯ ಇಲ್ಲ, ಅದು ಕರಗುವ ದಾರಿ ಬೇರೆ. ದಾಸರಹಳ್ಳಿಯವರಿಗೂ ಒಂದು ಮಾತು: ಕ್ಯಾಪೆಸಿಟಾಬಿನ್ ಜೊತೆ ಫೋಲಿಕ್ ಆಮ್ಲ ಇರುವ ವಿಟಮಿನ್ ಮಾತ್ರೆ ಸೇರಿದರೆ ಬಾಯಿ ಹುಣ್ಣು, ಬೇಧಿ ಜೋರಾಗಬಹುದು. ಶಕ್ತಿಗೆ ಅಂತ ಬಿ-ಕಾಂಪ್ಲೆಕ್ಸ್ ಕೊಡುತ್ತಿದ್ದರೆ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಯಜಮಾನರು ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ) ತಗೊಳ್ಳುತ್ತಿದ್ದರಂತೂ ತಪ್ಪದೆ ಹೇಳಬೇಕು, ರಕ್ತ ತೀರಾ ತೆಳುವಾಗಿಬಿಡುತ್ತದೆ.

ದಾಸರಹಳ್ಳಿ ಗೃಹಿಣಿ

ಅಯ್ಯೋ, ಬಿ-ಕಾಂಪ್ಲೆಕ್ಸ್ ಇದೆ ಸಿಸ್ಟರ್. ಬೇರೆ ಡಾಕ್ಟರ್ ಬರೆದದ್ದು. ನಾಳೆಯೇ ಫೋನ್ ಮಾಡುತ್ತೇನೆ.

ಮೆಡಿಕಲ್ ಅಂಗಡಿ ಹುಡುಗ

ಬನಶಂಕರಿಯಲ್ಲಿ ಮೆಡಿಕಲ್ ಸ್ಟೋರ್ ಕೌಂಟರಿನಲ್ಲಿದ್ದೇನೆ. ಉಳಿದ ಕ್ಯಾಪ್ಸೂಲ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡೋಸ್ ಬದಲಾದಾಗ, ಔಷಧಿ ನಿಂತಾಗ ಮನೆಯಲ್ಲಿ ಉಳಿಯುತ್ತದೆ. ದುಬಾರಿ ಔಷಧಿ, ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮಂಥ ಸಣ್ಣ ಅಂಗಡಿಗೆ ತಂದು ‘ಬೇರೆ ಯಾರಿಗಾದರೂ ಕೊಡಿ’ ಅನ್ನುತ್ತಾರೆ. ಡಬ್ಬಿ ಒಮ್ಮೆ ಮನೆಗೆ ಹೋದ ಮೇಲೆ ಅದನ್ನು ಇನ್ನೊಬ್ಬ ರೋಗಿಗೆ ಕೊಡಲು ಬರುವುದಿಲ್ಲ. ಟಾಯ್ಲೆಟ್ಟಿಗೆ ಸುರಿಯಬೇಡಿ, ಕಸದ ಗಾಡಿಗೂ ಹಾಕಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಅವಧಿ ಮುಗಿದ ಕೀಮೋ ಔಷಧಿಯನ್ನು 1,200 ಡಿಗ್ರಿ ಸೆಲ್ಸಿಯಸ್ ಮೇಲ್ಪಟ್ಟ ಉರಿಯಲ್ಲಿ ಸುಡಬೇಕು ಅಂತಿದೆ. ಅಷ್ಟು ಕಾವು ಬೀದಿ ಬದಿ ಕಸ ಸುಡುವ ಬೆಂಕಿಯಲ್ಲಿ ಎಲ್ಲಿರುತ್ತದೆ? ಹಾಗಾಗಿ ಉಳಿದದ್ದು, ಖಾಲಿ ಡಬ್ಬಿ, ಆ ಪುಡಿ ಒರೆಸಿದ ಚೀಲ, ಎಲ್ಲವನ್ನೂ ಮುಂದಿನ ಸಲ ಹೋಗುವಾಗ ಔಷಧಿ ಕೊಟ್ಟ ಆಸ್ಪತ್ರೆ ಫಾರ್ಮಸಿಗೇ ಒಯ್ಯಿರಿ. ತಗೊಳ್ಳುತ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬಳಸಿದ ಗ್ಲೌಸ್ ಕೂಡ ಅವರು ತಗೊಂಡರೆ ಒಳ್ಳೆಯದು. ಇಲ್ಲದಿದ್ದರೆ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ, ಡೈಪರ್ ಪ್ಯಾಡ್ ಕೊಡುವ ಹಾಗೆ ಬೇರೆಯಾಗಿ ಕೊಡಿ. ಹಸಿ ಕಸ, ಒಣ ಕಸದಲ್ಲಿ ಬೆರೆಸಿದರೆ ಪೌರಕಾರ್ಮಿಕರು ಬರಿಗೈಯಲ್ಲಿ ಬೇರ್ಪಡಿಸುತ್ತಾರೆ.

ಶ್ರೀನಗರದ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಬರೆದದ್ದನ್ನು ಜೋರಾಗಿ ಅಮ್ಮನ ಮುಂದೆಯೇ ಓದಿದೆ. ‘ಸೀಮಂತಕ್ಕೆ ಮಡಿಲು ತುಂಬಬಹುದು’ ಅನ್ನುವ ಸಾಲನ್ನು ಅಮ್ಮ ಎರಡನೇ ಸಲ ಓದಿಸಿದರು. ಪಕ್ಕದ ಮನೆ ಆಂಟಿಗೆ ಅಪ್ಪ ಹೇಳುತ್ತಾರಂತೆ, ನನಗೆ ಬಿಡುತ್ತಿಲ್ಲ.

ಕೆಲಸದ ಅಕ್ಕನಿಗೆ ಹೇಳಿದೆ. ಅವರು, ‘ನನ್ನ ಇನ್ನೊಂದು ಮನೆಯಲ್ಲೂ ಒಬ್ಬರಿಗೆ ಕೀಮೋ ನಡೀತಿದೆ, ಅಲ್ಲಿ ಯಾರೂ ಏನೂ ಹೇಳಿಲ್ಲ’ ಅಂದರು. ಸಿಸ್ಟರ್ ಮಾತು ಎಷ್ಟು ನಿಜ.

ಇನ್ನು ಮೂರು ಅನುಮಾನ ಉಳಿದಿವೆ. ವಾಂತಿ ಮಾತ್ರೆ ಶುರುವಾದಾಗಿನಿಂದ, ಅಂದರೆ ರೇಡಿಯೇಷನ್ ಸಮಯದಲ್ಲೇ, ಅಮ್ಮನಿಗೆ ಮಲಬದ್ಧತೆ ತುಂಬಾ ಇತ್ತು. ಮತ್ತೆ ಹಾಗೇ ಆದರೆ? ಎರಡನೆಯದು, ಸುತ್ತಿನ ಮಧ್ಯೆ ಹಾಸನಕ್ಕೆ ಹೋಗುವುದಿದೆ, ದೊಡ್ಡಪ್ಪನ ಮನೆ ಗೃಹಪ್ರವೇಶ. ಹೋಗಬಹುದಾ? ಮೂರನೆಯದು, ಮುಂದಿನ ಸುತ್ತಿನ ಔಷಧಿ ಈಗಲೇ ಕೊಂಡಿಟ್ಟುಕೊಂಡರೆ ಮತ್ತೆ ಆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ ಅಂತ ಅಣ್ಣ ಅನ್ನುತ್ತಿದ್ದಾನೆ.

ನಿವೃತ್ತ ಸಿಸ್ಟರ್

ಮಲಬದ್ಧತೆ ಆಗಿಯೇ ಆಗುತ್ತದೆ ಅಂತಿಟ್ಟುಕೊಳ್ಳಿ. ಆನ್‌ಡಾನ್‌ಸೆಟ್ರಾನ್ ಅನ್ನುವ ವಾಂತಿ ಮಾತ್ರೆಯೂ ಕಟ್ಟುತ್ತದೆ, ಕ್ಯಾಪ್ಸೂಲೂ ಕಟ್ಟುತ್ತದೆ. ಮೂರು ದಿನ ಕಾದು ಒದ್ದಾಡುವ ಬದಲು, ಮೊದಲ ರಾತ್ರಿಯಿಂದಲೇ ಕೊಡಲು ಒಂದು ಸಿರಪ್ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ನೀರು, ಬೇಯಿಸಿದ ಸೊಪ್ಪು, ಬಾಳೆಹಣ್ಣು ಸರಿ. ಡಾಕ್ಟರನ್ನು ಕೇಳದೆ ಎನಿಮಾ ಕೊಡಬೇಡಿ, ಗುದದ್ವಾರಕ್ಕೆ ಇಡುವ ಮಾತ್ರೆಯೂ ಬೇಡ. ರಕ್ತಕಣ ತಗ್ಗಿರುವಾಗ ಅಲ್ಲಿ ಸಣ್ಣ ಗಾಯವಾದರೂ ಸೋಂಕು ಒಳಗೆ ಹೋಗುತ್ತದೆ.

ಹಾಸನಕ್ಕೆ ಯಾವ ವಾರ ಅನ್ನುವುದರ ಮೇಲಿದೆ. ಕ್ಯಾಪ್ಸೂಲ್ ವಾರವಾದರೆ ಡಬ್ಬಿ ನಿಮ್ಮ ಕೈಚೀಲದಲ್ಲಿರಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ನಾಲ್ಕನೇ ವಾರವಾದರೆ ನಾನಾಗಿದ್ದರೆ ಕರೆದುಕೊಂಡು ಹೋಗುವುದಿಲ್ಲ. ಗೃಹಪ್ರವೇಶದಲ್ಲಿ ಹೋಮದ ಹೊಗೆ, ನೂರಾರು ಜನ, ಅದರಲ್ಲಿ ನೆಗಡಿ ಇರುವವರು ಹತ್ತು ಜನ, ಎಲ್ಲರೂ ಅಮ್ಮನ ಕೈ ಹಿಡಿದು ಮಾತಾಡಿಸುವವರೇ. ದೊಡ್ಡಪ್ಪನವರಿಗೆ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡನೇ ವಾರವಾದರೆ ಡಾಕ್ಟರನ್ನು ಕೇಳಿ ಹೊರಡಿ.

ಔಷಧಿ ಮೊದಲೇ ಕೊಳ್ಳಬೇಡಿ ಅಂತ ಅಣ್ಣನಿಗೆ ಹೇಳಿ. 22ನೇ ದಿನದ ರಿಪೋರ್ಟ್ ನೋಡಿ ಡೋಸ್ ಏರಿಸಬಹುದು, ಇಳಿಸಬಹುದು. ಪ್ಲೇಟ್‌ಲೆಟ್ 1 ಲಕ್ಷಕ್ಕೆ ಬರುವವರೆಗೆ ಸುತ್ತನ್ನೇ ಮುಂದೆ ಹಾಕಬಹುದು. ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ, ಅದರ ಲೆಕ್ಕವೂ 1,500 ಇರಬೇಕು. ರಿಪೋರ್ಟ್ ತಗೊಂಡು ಡಾಕ್ಟರ್ ಹತ್ತಿರ ಹೋಗಿ, ಅವರು ಚೀಟಿಯಲ್ಲಿ ಬರೆದ ಮಿಲಿಗ್ರಾಂ ನೋಡಿ, ಆಮೇಲೆ ಸಾಲಿನಲ್ಲಿ ನಿಲ್ಲಿ. ಕೌಂಟರಿನಲ್ಲಿ ಅವರು ಎಷ್ಟೇ ಅವಸರ ಮಾಡಲಿ, ಡಬ್ಬಿ ಮೇಲಿನ ಸಂಖ್ಯೆಯನ್ನೂ ಚೀಟಿಯನ್ನೂ ಅಲ್ಲೇ ಹೋಲಿಸಿ ನೋಡಿಕೊಂಡು ಪಕ್ಕಕ್ಕೆ ಸರಿಯಿರಿ. ಹಿಂದಿನವರು ಗೊಣಗಿದರೆ ಗೊಣಗಲಿ.